ಮೂರು ಹಲೋ

ಹೊಸ ವರ್ಷ ಬಂತೆಂದರೆ ಆ ಆಫೀಸಿನವರಿಗೆ ಗುರಿಗಳ ಜ್ವರ ಹತ್ತಿಕೊಳ್ಳುತ್ತಿತ್ತು. ಸಾಹೇಬರು ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಈ ವರ್ಷ ಏನು ಸಾಧಿಸುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಹೋದ ವರ್ಷ ಏನು ಸಾಧಿಸಿದಿರಿ ಎಂದು ಯಾರೂ ಕೇಳುತ್ತಿರಲಿಲ್ಲ, ಪುಣ್ಯಕ್ಕೆ. ಬೆಂಕಿ ಬಿದ್ದಾಗ, ಗಾಡಿ ಗುದ್ದಿದಾಗ, ಮನೆಯಲ್ಲಿ ಯಾರಾದರೂ ಎದೆ ಹಿಡಿದುಕೊಂಡು ಕುಸಿದಾಗ ಜನ ಫೋನ್ ಮಾಡುವ ತುರ್ತು ಸೇವೆಯ ಕೇಂದ್ರ ಅದು. ಕಿಟಕಿಯಿಲ್ಲದ ಉದ್ದನೆಯ ಹಾಲ್, ಸಾಲಾಗಿ ಮೇಜುಗಳು, ಒಂದೊಂದು ಮೇಜಿಗೂ ಹೆಡ್‌ಫೋನ್ ಸಿಕ್ಕಿಸಿಕೊಂಡ ಒಂದೊಂದು ತಲೆ. ಸ್ವಂತ ಮೊಬೈಲುಗಳನ್ನು ಬಾಗಿಲ ಹೊರಗಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಒಳಗೆ ಬರಬೇಕು.

ಹಗಲು ಪಾಳಿಯ ಮುಖ್ಯಸ್ಥೆಗೆ ಅಲ್ಲಿಯವರು ಕತ್ತರಿ ಅಕ್ಕ ಎಂದು ಹೆಸರಿಟ್ಟಿದ್ದರು. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ ಹಾಗೇ ಕರೆಯುತ್ತಿದ್ದರು, ಅವಳಿಗೂ ಅದರಲ್ಲಿ ಒಳಗೊಳಗೇ ಹೆಮ್ಮೆ. ಗಾಬರಿಯಾದವರ ಮಾತು ಚೂರುಚೂರಾಗಿ ಬರುತ್ತದೆ. ಅಪ್ಪ, ಮೆಟ್ಟಿಲು, ಅಯ್ಯೋ ದೇವರೇ, ರಕ್ತ ಎಂದು ಯಾರೋ ತೊದಲುತ್ತಿದ್ದರೆ ಇವಳು ಮಧ್ಯದಲ್ಲೇ ಕತ್ತರಿಸಿ, ನಿಮ್ಮಪ್ಪ ಮೆಟ್ಟಿಲಿಂದ ಬಿದ್ದಿದಾರೆ, ತಲೆಗೆ ಪೆಟ್ಟಾಗಿದೆ, ಉಸಿರಾಡ್ತಿದಾರಾ, ಯಾವ ಬೀದಿ ಎಂದು ಅವರ ವಾಕ್ಯವನ್ನು ತಾನೇ ಮುಗಿಸಿಬಿಡುತ್ತಿದ್ದಳು. ಫೋನ್ ಮಾಡಿದವರು ಉಗುಳು ನುಂಗುವಷ್ಟರಲ್ಲಿ ಗಾಡಿ ಹೊರಟಿರುತ್ತಿತ್ತು. ಅವಳು ಮುಗಿಸಿದ ವಾಕ್ಯ ತಪ್ಪಾದದ್ದು ತೀರಾ ಅಪರೂಪ. ಹೀಗೆ ಎಷ್ಟೋ ಜೀವ ಉಳಿದಿವೆ, ಇಲ್ಲ ಎನ್ನುವ ಹಾಗಿಲ್ಲ. ತೊಂದರೆ ಏನೆಂದರೆ ಆ ಕತ್ತರಿಯನ್ನು ಅವಳು ಸಂಜೆ ಮೇಜಿನ ಮೇಲೆ ಬಿಟ್ಟು ಬರುತ್ತಿರಲಿಲ್ಲ. ಮನೆಗೂ ತರುತ್ತಿದ್ದಳು.

ಮನೆಯಲ್ಲಿದ್ದದ್ದು ಮೂರನೇ ಕ್ಲಾಸಿನ ಮಗಳು, ಎಲ್ಲರ ಬಾಯಲ್ಲೂ ಗುಬ್ಬಿ. ಗುಬ್ಬಿಗೆ ಮಾತು ಸಿಕ್ಕಿಹಾಕಿಕೊಳ್ಳುತ್ತಿತ್ತು. ತೊದಲುವ ಮಕ್ಕಳು ಒಂದೇ ಅಕ್ಷರವನ್ನು ಮತ್ತೆ ಮತ್ತೆ ಹೇಳುತ್ತಾರಲ್ಲ, ಹಾಗಲ್ಲ. ಬಾಯಿ ತೆರೆದಿರುತ್ತಿತ್ತು, ಕತ್ತಿನ ನರ ಎದ್ದು ನಿಲ್ಲುತ್ತಿತ್ತು, ಆದರೆ ಸದ್ದೇ ಹೊರಡುತ್ತಿರಲಿಲ್ಲ. ಅಮ್ಮ, ಅಜ್ಜಿ ಎನ್ನುವ ಮಾತುಗಳೇ ಎಲ್ಲಕ್ಕಿಂತ ಕಷ್ಟ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಗಂಟು ತಾನಾಗಿ ಸಡಿಲವಾಗಿ ಮಾತು ಬರುತ್ತಿತ್ತು. ಆ ಸ್ವಲ್ಪ ಹೊತ್ತು ತಾಯಿಯ ಹತ್ತಿರ ಎಲ್ಲಿತ್ತು? ಒಲೆ ಮೇಲೆ ಹಾಲು, ಕೈಯಲ್ಲಿ ಬಾಚಣಿಗೆ, ಬಾಗಿಲಲ್ಲಿ ಶಾಲೆಯ ಬಸ್ಸಿನ ಹಾರ್ನು. ಗಂಡ ದೂರದೂರುಗಳಿಗೆ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮುಖ ತೋರಿಸಿ, ಬಟ್ಟೆ ಒಗೆಸಿಕೊಂಡು ಹೋಗುವವನು. ಹಾಗಾಗಿ ಗುಬ್ಬಿ ಬಾಯಿ ತೆರೆದಳೆಂದರೆ ತಾಯಿ ಮುಗಿಸುತ್ತಿದ್ದಳು. ನೀರು ಬೇಕಾ, ತಗೋ. ಟೀಚರ್ ಬೈದ್ರಾ, ನಾನು ಮಾತಾಡ್ತೀನಿ. ಹೊಟ್ಟೆ ನೋಯುತ್ತಾ, ಮಲ್ಕೋ. ಅದು ಸರಿಯಾಗಿದ್ದರೆ ಗುಬ್ಬಿ ತಲೆಯಾಡಿಸುತ್ತಿದ್ದಳು. ತಪ್ಪಾಗಿದ್ದರೂ ತಲೆಯಾಡಿಸುತ್ತಿದ್ದಳು, ಮತ್ತೆ ಮೊದಲಿಂದ ಶುರು ಮಾಡುವುದಕ್ಕಿಂತ ಅದೇ ಸುಲಭ.

ಗುಬ್ಬಿ ಪೂರ್ತಿ ಮಾತಾಡುತ್ತಿದ್ದದ್ದು ಒಬ್ಬಳ ಹತ್ತಿರವೇ, ಅಜ್ಜಿಯ ಹತ್ತಿರ. ಈ ಅಜ್ಜಿ ತಾಯಿಯ ತಾಯಿ, ಮೂರನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಇವರ ಜೊತೆಗೇ ಇದ್ದಳು. ಉಲ್ಲನ್ ದಾರದಲ್ಲಿ ಏನಾದರೊಂದು ಹೆಣೆಯುತ್ತಾ ಕೂರುವುದು ಅವಳ ಕೆಲಸ. ಮೊಮ್ಮಗಳ ಮಾತು ಸಿಕ್ಕಿಕೊಂಡರೆ ಅಜ್ಜಿ ತಲೆ ಎತ್ತುತ್ತಲೂ ಇರಲಿಲ್ಲ, ಇನ್ನೊಂದು ಸಾಲು ಹೆಣೆಯುತ್ತಿದ್ದಳು. ಸಾಲು ಮುಗಿಯುವಷ್ಟರಲ್ಲಿ ಮಾತು ಬಂದಿರುತ್ತಿತ್ತು. ಇಬ್ಬರಿಗೂ ಅವಸರವಿರಲಿಲ್ಲ.

ಆ ವರ್ಷ ಶುರುವಾಗುವ ಮುಂಚೆ, ಶಾಲೆಯವರ ಒತ್ತಾಯಕ್ಕೆ, ತಾಯಿ ಮಗಳನ್ನು ಮಾತಿನ ತೊಂದರೆ ನೋಡುವ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರಮ್ಮ ಗುಬ್ಬಿಗೆ ಒಂದು ಉಪಾಯ ಹೇಳಿಕೊಟ್ಟರು. ಮಾತು ಸಿಕ್ಕಿಕೊಂಡಾಗ ಬೆರಳಿನಿಂದ ಮೇಜಿನ ಮೇಲೆ ಮೆಲ್ಲಗೆ ತಟ್ಟಬೇಕು, ತಟ್ಟುತ್ತಾ ಇದ್ದರೆ ಗಂಟಲು ಸಡಿಲವಾಗುತ್ತದೆ. ಆಮೇಲೆ ಮಗಳನ್ನು ಹೊರಗೆ ಕಳಿಸಿ ತಾಯಿಗೆ ಹೇಳಿದರು, ಮಗುವಿನ ಗಂಟಲಲ್ಲಿ ಅಂಥ ದೊಡ್ಡ ಕಾಯಿಲೆ ಏನೂ ಇಲ್ಲ, ನೀವು ಅವಳ ಮಾತನ್ನು ಮುಗಿಸುವುದು ನಿಲ್ಲಿಸಿ, ಇಲ್ಲದಿದ್ದರೆ ಒಂದು ದಿನ ಅವಳು ಶುರು ಮಾಡುವುದನ್ನೇ ನಿಲ್ಲಿಸುತ್ತಾಳೆ ಎಂದು.

ತಾಯಿಯ ಎದೆಗೆ ಆ ಮಾತು ನಾಟಿತು. ಹಿಂದೆಯೂ ಅವಳು ವರ್ಷವರ್ಷ ಗುರಿ ಇಟ್ಟುಕೊಂಡವಳೇ. ಬೆಳಗ್ಗೆ ಬೇಗ ಎದ್ದು ನಡೆಯುವುದು, ಹೊಲಿಗೆ ಕಲಿಯುವುದು, ಹೆಚ್ಚುವರಿ ಪಾಳಿಗೆ ಆಗುವುದಿಲ್ಲ ಎನ್ನುವುದು. ಎಲ್ಲವೂ ಎರಡನೇ ತಿಂಗಳಿಗೆ ಹಳ್ಳ ಹಿಡಿಯುತ್ತಿದ್ದವು. ನಡೆಯಲಿಕ್ಕೆಂದು ಕೊಂಡ ಬೂಟಿನ ಡಬ್ಬದಲ್ಲಿ ಅಜ್ಜಿ ದಾರದ ಉಂಡೆ ಇಟ್ಟುಕೊಂಡಿದ್ದಳು. ಈ ಸಲ ಒಂದೇ ಒಂದು ಗುರಿ ಸಾಕೆಂದು ತಾಯಿ ತೀರ್ಮಾನ ಮಾಡಿದಳು. ಮಗಳ ಮಾತು ಮುಗಿಯುವವರೆಗೆ ಬಾಯಿ ತೆರೆಯುವುದಿಲ್ಲ.

"ಬಾಯಿ ಮುಚ್ಕೊಂಡಿರೋದೂ ಒಂದು ಗುರೀನಾ? ಹಾಗಾದ್ರೆ ನಿಮ್ಮಪ್ಪ ಜೀವಮಾನವೆಲ್ಲಾ ಸಾಧನೆ ಮಾಡಿದ್ರು ಕಣೇ" ಎಂದು ಅಜ್ಜಿ ನಕ್ಕಳು.

ಅಚ್ಚರಿಯೆಂದರೆ, ಗುರಿ ಈ ಸಲ ನಿಂತಿತು. ಊಟಕ್ಕೆ ಕೂತಾಗ ತಾಯಿ ಅಂಗೈಯಿಂದ ತನ್ನ ಬಾಯಿಯನ್ನೇ ಒತ್ತಿಹಿಡಿಯುತ್ತಿದ್ದಳು. ಬಸ್ಸು ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಗುಬ್ಬಿ ಮೊದಮೊದಲು ಮಾತಿನ ನಡುವೆ ನಿಂತು ತಾಯಿಯ ತುಟಿ ನೋಡುತ್ತಿದ್ದಳು, ಉಳಿದದ್ದು ಅಲ್ಲಿಂದ ಬರುತ್ತದೆ ಎನ್ನುವ ಹಾಗೆ. ಬರಲಿಲ್ಲ. ಆಮೇಲೆ ತಾನೇ ಮೇಜು ತಟ್ಟಿ ತಟ್ಟಿ ಹೇಳತೊಡಗಿದಳು. ಅವಳು ಹೇಳಿದ ಎಷ್ಟೋ ಸಂಗತಿ ತಾಯಿಗೆ ಹೊಸದು. ಹಿಂದಿನ ಬೆಂಚಿನ ಹುಡುಗಿ ಇವಳನ್ನು ಅಣಕಿಸುತ್ತಿದ್ದದ್ದು, ಇವಳಿಗೆ ಹಾಲಿನ ಕೆನೆ ಕಂಡರೆ ಆಗದಿರುವುದು, ಹೊಟ್ಟೆ ನೋವು ಎಂದು ಎಷ್ಟೋ ಸಲ ಮಲಗಿಸಿದ್ದಾಗ ನಿಜಕ್ಕೂ ನೋಯುತ್ತಿದ್ದದ್ದು ಕಾಲು. ಇಷ್ಟು ವರ್ಷ ನಾನು ಯಾವ ಮಗುವನ್ನು ಸಾಕುತ್ತಿದ್ದೆ ಎಂದು ತಾಯಿ ಒಂದು ದಿನ ಅಡುಗೆಮನೆಯಲ್ಲಿ ನಿಂತು ಅತ್ತಳು.

ಗುಬ್ಬಿಯೂ ತನಗೊಂದು ಗುರಿ ಇಟ್ಟುಕೊಂಡಳು. ಮಾತು ಸಿಕ್ಕಿಕೊಳ್ಳುವವರಿಗೆ ಫೋನ್ ಎಂದರೆ ಯಮ. ಎದುರಿಗಿರುವವರಿಗೆ ಮುಖವಾದರೂ ಕಾಣುತ್ತದೆ, ಫೋನಿನಲ್ಲಿ ಕಾಣುವುದಿಲ್ಲ. ಈ ವರ್ಷ ನಾನೊಬ್ಬಳೇ ಫೋನಿನಲ್ಲಿ ಮಾತಾಡುತ್ತೇನೆ ಎಂದಳು. ಯಾರ ಜೊತೆ ಎಂದರೆ ತಾಯಿಯ ಆಫೀಸಿನ ಜೊತೆ. ಅದು ಆಟವಾಡುವ ನಂಬರಲ್ಲ, ನಿಜವಾಗಿ ಏನಾದರೂ ಆದರೆ ಮಾತ್ರ ಮಾಡಬೇಕು ಎಂದು ತಾಯಿ ಗದರಿದ್ದರಿಂದ, ಅಜ್ಜಿಯ ಗುಂಡಿಯೊತ್ತುವ ಹಳೇ ಫೋನನ್ನು ಆಫ್ ಮಾಡಿಕೊಂಡು ಇಬ್ಬರೂ ಅಭ್ಯಾಸಕ್ಕೆ ಕೂತರು. ಅಜ್ಜಿ ಆಫೀಸಿನವಳ ಹಾಗೆ ಗಂಟಲು ಬಿಗಿ ಮಾಡಿ, ಹಲೋ, ತುರ್ತು ಸೇವೆ, ಹೇಳಿ ಎನ್ನುವುದು. ಗುಬ್ಬಿ ಮೇಜು ತಟ್ಟುತ್ತಾ ಮನೆ ನಂಬರು, ಬೀದಿ, ಮಹಡಿ ಎಲ್ಲ ಹೇಳುವುದು. ಅಜ್ಜಿ ಒಂದು ಸಾಲು ಹೆಣೆಯುವುದು. ಕಡೆಕಡೆಗೆ ಅರ್ಧ ಸಾಲಿಗೇ ಪೂರ್ತಿ ವಿಳಾಸ ಬರುತ್ತಿತ್ತು.

ಒಂದು ಬೆಳಗ್ಗೆ ತಾಯಿ ಚೀಲ ಹೆಗಲಿಗೇರಿಸಿ ಚಪ್ಪಲಿ ಹುಡುಕುತ್ತಿದ್ದಾಗ ಅಜ್ಜಿ ಕೇಳಿದಳು, "ನಿಮ್ಮಲ್ಲಿ ನಿಜವಾಗ್ಲೂ ಎಷ್ಟು ಹೊತ್ತು ಕಾಯ್ತಾರೆ?"

"ಮಾತಾಡೋವರೆಗೂ ಕಾಯ್ತೀವಮ್ಮ" ಎಂದು ತಾಯಿ ಮೆಟ್ಟಿಲಿಳಿದಳು.

ಹೋದ ವರ್ಷವಾಗಿದ್ದರೆ ಆ ಮಾತು ನಿಜ. ಈ ವರ್ಷ ಅಲ್ಲ, ಮತ್ತು ಅದನ್ನು ಬದಲಾಯಿಸಿದ್ದು ಅವಳೇ. ಆಫೀಸಿನಲ್ಲೂ ಗುರಿ ಹೇಳಬೇಕಿತ್ತಲ್ಲ, ಅವಳು ಹೇಳಿದ್ದು ಮೂಕ ಕರೆಗಳ ಬಗ್ಗೆ. ಎತ್ತಿದರೆ ಆ ಕಡೆಯಿಂದ ಸದ್ದೇ ಇರದ ಕರೆಗಳಿಗೆ ಅಲ್ಲಿ ಆ ಹೆಸರು. ಜೇಬಿನಲ್ಲಿ ಗುಂಡಿ ಒತ್ತಿಕೊಂಡವು, ಕೂಸುಗಳು ಒತ್ತಿದವು, ಶಾಲೆ ಬಿಟ್ಟ ಮೇಲೆ ಪೋರರು ತಮಾಷೆಗೆ ಮಾಡಿದವು. ಅವು ತಾವಾಗಿ ನಿಲ್ಲುವವರೆಗೆ ಕಾಯಬೇಕು, ಆಮೇಲೆ ತಿರುಗಿ ಮಾಡಿ ವಿಚಾರಿಸಬೇಕು ಎನ್ನುವುದು ಹಳೇ ಪದ್ಧತಿ. ಹಾಗೆ ಕಾಯುತ್ತಾ ಕೂತಿದ್ದಾಗಲೇ ಹಿಂದಿನ ವರ್ಷ ಒಬ್ಬ ಬಡಗಿಯ ಹೆಂಡತಿಗೆ ಲೈನ್ ಸಿಗದೆ, ಯಂತ್ರಕ್ಕೆ ಕೈ ಕೊಟ್ಟುಕೊಂಡಿದ್ದ ಬಡಗಿ ರಕ್ತ ಹೋಗಿ ಸತ್ತಿದ್ದ. ಅದು ಕತ್ತರಿ ಅಕ್ಕನ ಕಣ್ಣಿಗೆ ಕಟ್ಟಿದ ಹಾಗಿತ್ತು. ಮೂರು ಸಲ ಹಲೋ ಅನ್ನಿ, ಮೂರಕ್ಕೂ ಮಾತಿಲ್ಲವೆಂದರೆ ಕಟ್ ಮಾಡಿ, ತಿರುಗಿ ಮಾಡಬೇಡಿ ಎಂದು ಅವಳು ಹೊಸ ಪದ್ಧತಿ ಹಾಕಿದಳು. ಬೇರೆಯವರ ಗುರಿಗಳ ಹಾಗೆ ಬಾಯುಪಚಾರದ ಗುರಿಯಲ್ಲ ಅದು. ಅದರಲ್ಲಿ ಅರ್ಥವಿತ್ತು, ಒಬ್ಬ ಸತ್ತವನಿದ್ದ.

ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅನುಮಾನ ಪಟ್ಟಿದ್ದಳು. "ಅಕ್ಕಾ, ಮಾತಾಡೋಕೆ ಆಗದೇ ಇರೋರು ಯಾರಾದ್ರೂ..." ಎಂದು ಅವಳು ಶುರು ಮಾಡುತ್ತಿದ್ದ ಹಾಗೆಯೇ ಕತ್ತರಿ ಅಕ್ಕ, ಪಾರ್ಶ್ವವಾಯು ಆದವರು ನರಳುತ್ತಾರೆ, ಕಳ್ಳರಿಗೆ ಹೆದರಿದವರು ಪಿಸುಗುಟ್ಟುತ್ತಾರೆ, ಏನಾದರೊಂದು ಸದ್ದು ಇದ್ದೇ ಇರುತ್ತದೆ ಎಂದು ಮುಗಿಸಿದಳು. ಸ್ವಂತ ಮಗಳ ತೆರೆದ ಬಾಯಿ ಆ ಕ್ಷಣ ತಾಯಿಯ ನೆನಪಿಗೆ ಬರಲಿಲ್ಲ. ಮನೆಯ ತಲೆ ಬೇರೆ, ಆಫೀಸಿನ ತಲೆ ಬೇರೆ ಎಂದು ಎರಡು ತಲೆ ಇಟ್ಟುಕೊಂಡು ಓಡಾಡುವವರಿಗೆಲ್ಲ ಹೀಗೇ ಆಗುತ್ತದೆ, ನಗುವ ಹಾಗಿಲ್ಲ, ನಮ್ಮಲ್ಲಿ ಯಾರೂ ಬೇರೆಯಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಶನಿವಾರ ಮಧ್ಯಾಹ್ನ ಊರಾಚೆಯ ಬಣ್ಣದ ಗೋದಾಮಿಗೆ ಬೆಂಕಿ ಬಿತ್ತು. ಕೇಂದ್ರದಲ್ಲಿ ಉಸಿರು ಬಿಡಲು ಪುರುಸೊತ್ತಿಲ್ಲ. ಕತ್ತರಿ ಅಕ್ಕ ತಾನೂ ಒಂದು ಮೇಜಿಗೆ ಕೂತು ಕರೆ ಎತ್ತುತ್ತಿದ್ದಳು. ಹೊಗೆಯ ಕರೆಗಳ ಮಧ್ಯೆ ಒಂದೆರಡು ಮೂಕ ಕರೆಗಳೂ ಬಂದವು, ಮೂರು ಹಲೋ ಹೇಳಿ ಕತ್ತರಿಸಿದಳು. ಪಾಳಿ ಮುಗಿಸಿ ಪೆಟ್ಟಿಗೆಯಿಂದ ಮೊಬೈಲ್ ತೆಗೆದಾಗ ಕೆಳಗಿನ ದಿನಸಿ ಅಂಗಡಿಯವನ ಕರೆಗಳು ಸಾಲುಗಟ್ಟಿ ನಿಂತಿದ್ದವು. ತಿರುಗಿ ಮಾಡಿದಳು. ನಿಮ್ಮ ತಾಯಿ ಬಚ್ಚಲಲ್ಲಿ ಬಿದ್ದಿದ್ದರು, ಮಗು ಓಡಿ ಬಂದು ನನ್ನ ಕೈ ಹಿಡಿದು ಎಳೆಯಿತು, ಮಾತೇ ಆಡಲಿಲ್ಲ, ಮೊದಲು ನನಗೆ ಅರ್ಥವಾಗಲಿಲ್ಲ, ಆಮೇಲೆ ಆಸ್ಪತ್ರೆಯ ಗಾಡಿಗೆ ಫೋನ್ ಮಾಡಿದೆ, ಆಸ್ಪತ್ರೆಗೆ ಬನ್ನಿ ಎಂದ.

ಆಸ್ಪತ್ರೆ ಸೇರುವಷ್ಟರಲ್ಲಿ ಅಜ್ಜಿ ಹೋಗಿದ್ದಳು. ತಲೆಯೊಳಗೆ ರಕ್ತಸ್ರಾವವಾಗಿದೆ, ಸ್ವಲ್ಪ ಬೇಗ ಬಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಹೇಳಿ ಇನ್ನೊಂದು ಹಾಸಿಗೆಯ ಕಡೆ ತಿರುಗಿದರು. ಹೊರಗೆ ಉದ್ದನೆಯ ಬೆಂಚಿನ ತುದಿಯಲ್ಲಿ ಗುಬ್ಬಿ ಕೂತಿದ್ದಳು, ಒಂದು ಕಾಲಿಗೆ ಮಾತ್ರ ಚಪ್ಪಲಿ. ಕೈಯಲ್ಲಿ ಅಜ್ಜಿಯ ಫೋನು. ತಾಯಿ ಅವಳನ್ನು ತಬ್ಬಿಕೊಂಡಾಗ ಗುಬ್ಬಿ ಬಾಯಿ ತೆರೆದಳು.

"ನಾನು ಫೋನ್..." ಎಂದಳು. ಅಲ್ಲಿಗೆ ಗಂಟು ಬಿತ್ತು. ಕತ್ತಿನ ನರ ಎದ್ದಿತು.

"ಫೋನ್ ಮಾಡೋಕಾಗ್ಲಿಲ್ಲ, ಗೊತ್ತು ಕಂದ" ಎಂದಳು ತಾಯಿ. "ಪರವಾಗಿಲ್ಲ. ನಿನ್ನ ತಪ್ಪಲ್ಲ."

ಗುಬ್ಬಿ ಬಾಯಿ ಮುಚ್ಚಿದಳು. ತಲೆಯಾಡಿಸಲೂ ಇಲ್ಲ.

ವರ್ಷವಿಡೀ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡು ಬಂದ ಗುರಿ ಆ ಬೆಂಚಿನ ಮೇಲೆ ಮುರಿದುಬಿತ್ತು, ಅದು ಮುರಿದದ್ದು ತಾಯಿಗೆ ಗೊತ್ತೇ ಆಗಲಿಲ್ಲ. ಹೆತ್ತ ತಾಯಿ ಒಳಗೆ ಹೆಣವಾಗಿ ಮಲಗಿರುವಾಗ ಯಾರಿಗೆ ತಾನೇ ಗೊತ್ತಾಗುತ್ತದೆ? ಮನೆಗೆ ಬಂದ ನೆಂಟರು ಅದನ್ನೇ ಮುಂದುವರಿಸಿದರು. ಇಷ್ಟುದ್ದ ಹುಡುಗಿ, ತಾಯಿ ಕೆಲಸ ಮಾಡುವುದೇ ಅಲ್ಲಿ, ಒಂದು ಫೋನ್ ಮಾಡೋಕೂ ಬಾಯಿ ಬರಲಿಲ್ಲವಾ ಎಂದು ಗಂಡನ ಅಕ್ಕ ಮಗುವಿನ ಎದುರಿಗೇ ಅಂದಳು. ತಾಯಿ ಮಗಳ ಪರವಾಗಿ ಜಗಳಕ್ಕೇ ಇಳಿದಳು. ಅವಳಿಗೆ ಮಾತಾಡೋಕಾಗಲ್ಲ ಅಂತ ನಿಮಗೆ ಗೊತ್ತಿಲ್ವಾ ಎಂದು ಕೂಗಾಡಿದಳು. ಗುಬ್ಬಿ ಕೋಣೆಯ ಮೂಲೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು.

ಅಂದಿನಿಂದ ಗುಬ್ಬಿ ಮಾತು ಬಿಟ್ಟಳು. ಸಿಕ್ಕಿಕೊಳ್ಳುವುದಿರಲಿ, ಶುರುವೇ ಮಾಡುತ್ತಿರಲಿಲ್ಲ. ನೀರು ಬೇಕಾದರೆ ಎದ್ದು ಕುಡಿಯುತ್ತಿದ್ದಳು, ಕರೆದರೆ ಬರುತ್ತಿದ್ದಳು, ಕೇಳಿದರೆ ತಲೆಯಾಡಿಸುತ್ತಿದ್ದಳು. ಬೆರಳು ಮೇಜನ್ನು ಮುಟ್ಟುತ್ತಿರಲಿಲ್ಲ. ಡಾಕ್ಟರಮ್ಮ, ದುಃಖ ಇಳಿಯಲಿ, ಒತ್ತಾಯ ಮಾಡಬೇಡಿ ಎಂದರು. ತಾಯಿ ಬಾಯಿಗೆ ಬೀಗ ಹಾಕಿಕೊಂಡು ಮಗಳ ಎದುರು ಕೂರುತ್ತಿದ್ದಳು, ಕಾಯಲು ಅಲ್ಲಿ ಏನೂ ಇರಲಿಲ್ಲ. ಕಾಯುವವಳು ಒಬ್ಬಳಿದ್ದಳು, ಹೋದಳು.

ರಜೆ ಮುಗಿಸಿ ಕೆಲಸಕ್ಕೆ ಹೋದ ದಿನ ಸಾಹೇಬರು ಎಲ್ಲರೆದುರು ಅವಳ ಬೆನ್ನು ತಟ್ಟಿದರು. ದುಃಖದ ಹೊತ್ತಿನಲ್ಲಿ ಹೇಳಬಾರದು, ಆದರೂ ಹೇಳುತ್ತೇನೆ, ಈ ವರ್ಷ ನಿಜಕ್ಕೂ ಮುಟ್ಟಿದ ಗುರಿ ನಿಮ್ಮದೊಂದೇ, ಲೈನಿಗೆ ಕಾಯುವವರು ಅರ್ಧಕ್ಕರ್ಧ ಕಡಿಮೆಯಾಗಿದ್ದಾರೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ತಲೆಬಾಗಿಸಿ ತನ್ನ ಮೇಜಿಗೆ ಹೋದಳು.

ಕತ್ತರಿಸಿದ ಕರೆಗಳಲ್ಲಿ ಕೆಲವನ್ನು ಪ್ರತಿ ವಾರ ಕೇಳಿ ನೋಡುವುದು ಪಾಳಿಯ ಮುಖ್ಯಸ್ಥೆಯ ಕೆಲಸ. ಅವಳು ಇಲ್ಲದಾಗ ಅದು ಹಾಗೇ ಉಳಿದಿತ್ತು. ಗೋದಾಮಿಗೆ ಬೆಂಕಿ ಬಿದ್ದ ದಿನದ ಕರೆಗಳನ್ನು ಅವಳು ಹಾಕಿ ಕೇಳತೊಡಗಿದಳು. ಒಂದರಲ್ಲಿ ಜೇಬಿನ ಬಟ್ಟೆ ಉಜ್ಜುವ ಸದ್ದು. ಇನ್ನೊಂದರಲ್ಲಿ ಪೋರರ ನಗು. ಮತ್ತೊಂದರಲ್ಲಿ ಅವಳದೇ ದನಿ. ಹಲೋ, ತುರ್ತು ಸೇವೆ, ಹೇಳಿ. ಆ ಕಡೆ ದೂರದಲ್ಲೆಲ್ಲೋ ನಲ್ಲಿ ಸುರಿಯುತ್ತಿತ್ತು. ಯಾರೋ ಉಸಿರು ಬಿಗಿ ಹಿಡಿದಿದ್ದರು. ಹಲೋ ಎಂದಿತು ಅವಳ ದನಿ ಎರಡನೇ ಸಲ, ಚುರುಕಾಗಿ. ಆಗ ಶುರುವಾಯಿತು. ಟಕ್, ಟಕ್, ಟಕ್. ಬೆರಳಿನಿಂದ ಮೇಜು ತಟ್ಟುವ ಸದ್ದು, ಮೆಲ್ಲಗೆ, ಕಲಿಸಿದ ಹಾಗೆಯೇ.

ಅವಳಿಗೆ ನಿಲ್ಲಿಸಲು ಗುಂಡಿ ಎಲ್ಲಿದೆ ಎಂಬುದೂ ತೋಚಲಿಲ್ಲ. ಹಲೋ, ಮೂರನೇ ಸಲ. ತಟ್ಟುವುದು ನಿಂತಿತು. ಅ ಎಂದು ಒಂದು ಸದ್ದು ಗಂಟಲು ಬಿಟ್ಟು ಹೊರಟಿತು, ಅಷ್ಟರಲ್ಲಿ ಕರೆ ಕಟ್ಟಾಯಿತು.

ಪರದೆಯ ಮೂಲೆಯಲ್ಲಿ ಕರೆ ಮಾಡಿದ ನಂಬರ್ ಇತ್ತು. ಅಂದೂ ಇದ್ದಿರಬೇಕು. ಹೆತ್ತ ತಾಯಿಯ ನಂಬರ್ ಅವಳಿಗೆ ಬಾಯಿಪಾಠವಿರಲಿಲ್ಲ, ಮೊಬೈಲಿನಲ್ಲಿ ಅದು ಅಮ್ಮ ಎಂದಷ್ಟೇ ಬರುತ್ತಿತ್ತು. ಆಚೆ ಹೋಗಿ ಪೆಟ್ಟಿಗೆ ತೆಗೆದು ಹೋಲಿಸಿ ನೋಡುವ ಅಗತ್ಯವೇ ಇರಲಿಲ್ಲ, ಆದರೂ ಹೋಗಿ ನೋಡಿದಳು. ಅದೇ ನಂಬರ್. ಮಗಳು ಫೋನ್ ಮಾಡಿದ್ದಳು. ಎತ್ತಿದ್ದು ತಾಯಿ. ತಾಯಿಯ ದನಿ ಎಂದು ಗೊತ್ತಾಗಿಯೇ ಮಗಳು ಕರೆಯಲು ಹೊರಟಿದ್ದಳು, ಅವಳಿಗೆ ಎಲ್ಲಕ್ಕಿಂತ ಕಷ್ಟವಾದ ಮಾತಿನಿಂದ. ಆಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ ಅದನ್ನು ಹೇಳಲು ಹೋದಾಗ, ಇಲ್ಲ, ನೀನು ಮಾಡಲಿಲ್ಲ ಎಂದು ಅವಳ ಬಾಯಿಂದ ಕಿತ್ತುಕೊಂಡದ್ದೂ ತಾಯಿಯೇ.

ಹೊಸ ಹುಡುಗಿ ಬಂದು, ಅಕ್ಕಾ, ಮುಖ ಯಾಕೆ ಹೀಗಾಯ್ತು, ನೀರು ತರಲಾ ಎಂದಳು. ಕತ್ತರಿ ಅಕ್ಕ ಅವಳ ಪ್ರಶ್ನೆ ಮುಗಿಯುವವರೆಗೆ ಸುಮ್ಮನಿದ್ದಳು. ಇನ್ನು ಮೇಲೆ ಕಟ್ ಮಾಡಬೇಡ, ಕಾಯಿ ಎಂದಳು. ಸಾಹೇಬರ ಕೋಣೆಗೆ ಹೋಗಿ ಆ ಕರೆಯನ್ನು ಅವರಿಗೆ ಕೇಳಿಸಿ, ಯಾರದೆಂದು ಹೇಳಿ, ಅವರು ಏನಾದರೂ ಅನ್ನುವ ಮುಂಚೆಯೇ ಎದ್ದು ಬಂದಳು.

ಮನೆಗೆ ಬಂದಾಗ ಸಂಜೆಯ ಬೆಳಕು ಇನ್ನೂ ಇತ್ತು. ಗುಬ್ಬಿ ಮೇಜಿನ ಹತ್ತಿರ ಲೆಕ್ಕ ಮಾಡುತ್ತಿದ್ದಳು. ಎದುರಿನ ಕುರ್ಚಿಯಲ್ಲಿ ಬೂಟಿನ ಡಬ್ಬ, ಅದರಲ್ಲಿ ಅರ್ಧ ಹೆಣೆದ ಟೋಪಿ. ತಾಯಿ ಒಲೆಯ ಮೇಲೆ ಹಾಲಿಟ್ಟು ಬಂದು, ಡಬ್ಬ ಸರಿಸಿ ಕೂತಳು. ದಾರಿಯುದ್ದಕ್ಕೂ ಏನೇನೋ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದಳು, ಅದೆಲ್ಲ ಎಲ್ಲಿ ಹೋಯಿತೋ.

"ನೀನು ಫೋನ್ ಮಾಡಿದ್ದೆ" ಎಂದಳು. "ಎತ್ತಿದ್ದು ನಾನು. ಕಟ್ ಮಾಡಿದ್ದೂ ನಾನೇ. ಹಾಗೆ ಮಾಡಿ ಅಂತ ಎಲ್ಲರಿಗೂ ಹೇಳಿಕೊಟ್ಟಿದ್ದೂ ನಾನೇ."

ಗುಬ್ಬಿ ಪೆನ್ಸಿಲ್ ಕೆಳಗಿಟ್ಟಳು. ಆಶ್ಚರ್ಯ ಪಟ್ಟ ಹಾಗೇನೂ ಕಾಣಲಿಲ್ಲ. ಅವಳಿಗೆ ಇದು ಮೊದಲಿನಿಂದ ಗೊತ್ತಿದ್ದ ವಿಷಯ, ತಾಯಿಗೆ ಗೊತ್ತಾಗುವುದಷ್ಟೇ ಬಾಕಿಯಿತ್ತು. ಅವಳು ತಾಯಿಯ ಮುಖವನ್ನೇ ನೋಡಿದಳು. ಆಮೇಲೆ ಬಾಯಿ ತೆರೆದಳು. ಏನೂ ಬರಲಿಲ್ಲ.

ತಾಯಿಯ ನಾಲಗೆಯ ತುದಿಗೆ ಎಷ್ಟೋ ವಾಕ್ಯಗಳು ಬಂದು ನಿಂತವು. ಯಾಕಮ್ಮ ಹಾಗೆ ಮಾಡಿದೆ ಅಂತಾನಾ. ಅಜ್ಜಿ ಬದುಕ್ತಿದ್ಲಾ ಅಂತಾನಾ. ನಿನ್ನ ಕಂಡ್ರೆ ಆಗಲ್ಲ ಅಂತಾನಾ. ಅವಳು ತುಟಿ ಕಚ್ಚಿ ಹಿಡಿದಳು. ಬಾಗಿಲಲ್ಲಿ ಯಾರೋ ಬೆಲ್ ಒತ್ತಿ, ಕಾದು, ಹೋದರು. ಒಲೆಯ ಮೇಲಿನ ಹಾಲು ಸೀದ ವಾಸನೆ ಬಂತು. ಗುಬ್ಬಿಯ ಬೆರಳು ಮೇಜಿನ ಮೇಲೆ ಬಂದು ಮೆಲ್ಲಗೆ ತಟ್ಟತೊಡಗಿತು. ತಟ್ಟುತ್ತಲೇ ಇತ್ತು. ಬೆಳಕು ಮೇಜಿನಿಂದ ಗೋಡೆಗೆ ಸರಿಯಿತು.

"ಅಮ್ಮ" ಎಂದಳು ಗುಬ್ಬಿ ಕೊನೆಗೆ. ಮತ್ತೆ ತಟ್ಟಿದಳು. ತಾಯಿ ಅಲುಗಾಡಲಿಲ್ಲ.

"ಇನ್ನೊಂದೇ ಒಂದು ಹಲೋ ಅಂದಿದ್ರೆ... ಬರ್ತಿತ್ತು."

ಅಷ್ಟು ಹೇಳಿ ಅವಳು ಪೆನ್ಸಿಲ್ ಎತ್ತಿಕೊಂಡು, ಬಿಟ್ಟಿದ್ದ ಲೆಕ್ಕವನ್ನು ಮುಂದುವರಿಸಿದಳು.